ಹೆಡ್‌ಮಾಸ್ಟರ ಮಗ ಓದಿದ ಸ್ಕೂಲು

ಸ್ಕೂಲಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂದಾಗ ನನಗೆ ಮೊದಲು ನೆನಪಾಗಿದ್ದು ಒಂಬತ್ತನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆ. ಗಣಿತದಲ್ಲಿ ಫೇಲಾಗಿದ್ದೆ. ಉತ್ತರಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿಕೊಂಡು, ಮನೆಗೆ ಹೋಗೋಕೆ ಹೆದರಿ, ಎಲ್ಲರೂ ಹೋದ ಮೇಲೂ ಬೆಂಚಿನ ಮೇಲೇ ಕೂತಿದ್ದೆ.

ನಮ್ಮ ಕನ್ನಡ ಮೇಷ್ಟ್ರು ಬಂದು ಪಕ್ಕದಲ್ಲಿ ಕೂತರು. ಬೈಯಲಿಲ್ಲ. "ಆರ್.ಕೆ. ನಾರಾಯಣ್ ಗೊತ್ತೇನೋ? ಇದೇ ಮಹಾರಾಜ ಹೈಸ್ಕೂಲಲ್ಲಿ ಓದಿದವರು. ಅವರ ಅಪ್ಪನೇ ಇಲ್ಲಿ ಹೆಡ್‌ಮಾಸ್ಟರು. ಅಂಥವರೇ ಯೂನಿವರ್ಸಿಟಿ ಪ್ರವೇಶ ಪರೀಕ್ಷೇಲಿ ಒಂದ್ಸಲ ಫೇಲಾಗಿದ್ರು ಕಣೋ" ಅಂದರು.

ನಾನು ನಂಬಲೇ ಇಲ್ಲ. ಆಮೇಲೆ ಓದಿ ತಿಳಿದುಕೊಂಡೆ, ನಿಜವೇ. ಆ ಒಂದು ವರ್ಷ ಅವರು ಮನೆಯಲ್ಲೇ ಇದ್ದು ಓದಿದರು, ಬರೆದರು. 1930ರಲ್ಲಿ ಮಹಾರಾಜ ಕಾಲೇಜಿನಿಂದ ಬಿ.ಎ. ಮುಗಿಸಿದರು.

ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಿನಲ್ಲಿ ಶುರು ಮಾಡಿದ ಇಂಗ್ಲಿಷ್ ಶಾಲೆಯೇ ನಮ್ಮ ಸ್ಕೂಲಿನ ಬೇರು. ಫೀಸಿಲ್ಲದ ಶಾಲೆ ಅದು. ಇದನ್ನು ಪ್ರತಿ ವಾರ್ಷಿಕೋತ್ಸವದ ಭಾಷಣದಲ್ಲೂ ಕೇಳಿದ್ದೇವೆ, ಅಲ್ವಾ? ಆದರೆ ನನಗೆ ಅದಕ್ಕಿಂತ ಜಾಸ್ತಿ ಹತ್ತಿರವಾಗಿದ್ದು ಲೈಬ್ರರಿಯ ಕಥೆ. ನಾರಾಯಣ್ ಅವರ ಕಾಲದಲ್ಲಿ ಇಲ್ಲಿನ ಲೈಬ್ರರಿ ತುಂಬಾ ದೊಡ್ಡದಿತ್ತಂತೆ. ಹೆಡ್‌ಮಾಸ್ಟರ ಮಗ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದರಂತೆ. ಒಬ್ಬ ಬರಹಗಾರನಿಗೆ ಶಾಲೆ ಇನ್ನೇನು ಕೊಡಬೇಕು?

ಅವರ ತಮ್ಮ ಆರ್.ಕೆ. ಲಕ್ಷ್ಮಣ್, 1921ರಲ್ಲಿ ಇದೇ ಊರಲ್ಲಿ ಹುಟ್ಟಿದವರು. ಶಾಲೆಯಲ್ಲಿದ್ದಾಗ ಬರೆದ ಅರಳಿ ಎಲೆಯ ಚಿತ್ರವನ್ನು ಮೇಷ್ಟ್ರೊಬ್ಬರು ಮೆಚ್ಚಿದರು, ಅಂದಿನಿಂದ ತಾನು ಚಿತ್ರಕಾರ ಅಂತ ಆ ಹುಡುಗನಿಗೆ ಅನಿಸಿಬಿಟ್ಟಿತು. ಮುಂದೆ ಬೊಂಬಾಯಿಯ ಜೆ.ಜೆ. ಕಲಾಶಾಲೆ ಸೀಟು ಕೊಡದಿದ್ದಾಗಲೂ ಅವರು ಬರೆಯೋದು ಬಿಡಲಿಲ್ಲ. ಮೈಸೂರಲ್ಲೇ ಬಿ.ಎ. ಓದಿದರು, ಕನ್ನಡದ ಹಾಸ್ಯಪತ್ರಿಕೆ ಕೊರವಂಜಿಗೆ ವ್ಯಂಗ್ಯಚಿತ್ರ ಬರೆದರು. ಒಂದು ಎಲೆ, ಒಂದು ಶಹಬ್ಬಾಸ್. ಮೇಷ್ಟ್ರಾದವರು ಇದನ್ನು ನೆನಪಿಟ್ಟುಕೊಳ್ಳಬೇಕು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಮಾರನೇ ದಿನ ಮೇಷ್ಟ್ರು ನನ್ನನ್ನು ಲೈಬ್ರರಿಗೆ ಕರೆದುಕೊಂಡು ಹೋಗಿ ಒಂದು ಕಥೆ ಪುಸ್ತಕ ಕೊಡಿಸಿದರು. ಬೆನ್ನಿನ ಹೊಲಿಗೆ ಬಿಚ್ಚಿಹೋಗಿ, ಖಾಕಿ ಪೇಪರಿನ ಹೊದಿಕೆ ಹಾಕಿತ್ತು. ಕೊನೆಯ ಹಾಳೆಗೆ ಅಂಟಿಸಿದ್ದ ಚೀಟಿಯ ಮೇಲೆ ನೇರಳೆ ಶಾಯಿಯ ಸೀಲುಗಳು, ಒಂದರ ಕೆಳಗೊಂದು ತಾರೀಖು. ಹೆಸರಿಲ್ಲ, ಬರೀ ತಾರೀಖು. ನನಗಿಂತ ಮುಂಚೆ ಯಾರು ಯಾರು ಇದನ್ನು ಮನೆಗೆ ಒಯ್ದಿದ್ದರೋ ಅಂತ ದಾರಿಯುದ್ದಕ್ಕೂ ಯೋಚಿಸುತ್ತಾ ಹೋದೆ. ಜೇಬಲ್ಲಿದ್ದ ಉತ್ತರಪತ್ರಿಕೆಯನ್ನು ಅವತ್ತು ಸಂಜೆ ಅಪ್ಪನಿಗೆ ತೋರಿಸಿದೆ.