ಕನ್ನಡ ಎಲ್ಲಿಟ್ಟಿದ್ದೀರಿ?

ಈ ವಾರವಿಡೀ ಒಂದೇ ಪ್ರಶ್ನೆ ತಲೆಯೊಳಗೆ ಕುಳಿತುಬಿಟ್ಟಿದೆ. ಕೇಳಿದವರು ನಮ್ಮ ಕೆಳಗಿನ ಮನೆಯ ಕಾಕಾ. ಭಾನುವಾರ ಮಧ್ಯಾಹ್ನ ಪುಣೆಯ ಕೋಥ್ರೂಡಿನ ನಮ್ಮ ಮನೆಯಲ್ಲಿ ನಾವು ಮೂವರು ಗೆಳೆಯರೂ ಹಳೆಯ ಕಂಪ್ಯೂಟರುಗಳಿಗಾಗಿ ಮಾಡುತ್ತಿರುವ ಸಿಡಿಗೆ ಹಾಕಬೇಕಾದ ತಂತ್ರಾಂಶಗಳ ಪಟ್ಟಿ ಮುಗಿಸಿ ಚಹಾ ಕುದಿಸಲು ಎದ್ದಿದ್ದೆವು. ಕಾಕಾ ಬಂದರು, ಕುರ್ಚಿ ಎಳೆದುಕೊಂಡರು, ಪರದೆಯ ಮೇಲಿನ ಹೆಸರುಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು.

"ಎಲ್ಲ ಸರಿ. ಕನ್ನಡ ಎಲ್ಲಿಟ್ಟಿದ್ದೀರಿ?"

"ಕಾಕಾ, ಇದು ಡಾಸ್," ಎಂದ ನಮ್ಮ ಮೂವರಲ್ಲಿ ಒಬ್ಬನಾದ ಬೆಳಗಾವಿಯವನು, ನಗುತ್ತ.

"ಗೊತ್ತಪ್ಪಾ. ನಾನು ಬರೆಯುತ್ತಿದ್ದದ್ದೂ ಡಾಸ್‌ನಲ್ಲೇ."

ಅಷ್ಟೇ ಮಾತು. ಡಾಸ್ ಎಂದರೆ ವಿಂಡೋಸ್‌ಗಿಂತ ಹಿಂದಿನ, ಆಜ್ಞೆಗಳನ್ನು ಹೊಡೆದು ನಡೆಸುವ ಆಪರೇಟಿಂಗ್ ಸಿಸ್ಟಮ್. ಬೆಳಗಾವಿಯವನ ಆ ನಗುವಿನಲ್ಲಿ ಕುಹಕ ಇರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಅರವತ್ತು ದಾಟಿದವರಿಗೆ ಕಂಪ್ಯೂಟರಿನಲ್ಲಿ ಬೇಕಾಗಿರುವುದು ದಪ್ಪ ಅಕ್ಷರ ಮಾತ್ರ ಎಂದು ನಂಬಿರುವ ಹುಡುಗ ಅವನು. ಕೆಲಸದಲ್ಲಿ ಮಾತ್ರ ಗಟ್ಟಿಗ. ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲಿ ಸುತ್ತಾಡಿ, ಯಾರೂ ಮುಟ್ಟದ ಮದರ್‌ಬೋರ್ಡ್ ತಂದು ಜೀವ ಬರಿಸುತ್ತಾನೆ.

ನಮ್ಮದು ಹೊಸ ಆಪರೇಟಿಂಗ್ ಸಿಸ್ಟಮ್ ಏನಲ್ಲ. ತಳಪಾಯ ಫ್ರೀಡಾಸ್‌ನದು. ಮೈಕ್ರೋಸಾಫ್ಟ್ ಡಾಸ್ ಅನ್ನು ಕೈಬಿಡುತ್ತದೆ ಎಂಬ ಸುದ್ದಿ ಹಬ್ಬಿದಾಗ, 1994ರ ಜೂನ್ 29ರಂದು, ಜಿಮ್ ಹಾಲ್ ಎಂಬ ಭೌತಶಾಸ್ತ್ರದ ವಿದ್ಯಾರ್ಥಿ ನಾವೇ ಒಂದನ್ನು ಬರೆಯೋಣ ಎಂದು ಕರೆಕೊಟ್ಟ. 1.0 ಆವೃತ್ತಿ ಹೊರಬರುವಷ್ಟರಲ್ಲಿ 2006 ಆಗಿತ್ತು, 1.4 ಬಂದದ್ದು 2025ರ ಏಪ್ರಿಲಿನಲ್ಲಿ. ಸಂಬಳವಿಲ್ಲದೆ ಇಷ್ಟು ಕಾಲ ಒಂದು ಕೆಲಸಕ್ಕೆ ಅಂಟಿಕೊಂಡವರ ಬಗ್ಗೆ ನನಗೆ ಗೌರವವಿದೆ. ಅದರ ಮೇಲೆ ನಾವು ಮಾಡುತ್ತಿರುವುದು ಆಯ್ಕೆ ಮಾತ್ರ: 486, ಪೆಂಟಿಯಂ ಪ್ರೊಸೆಸರ್‌ಗಳ ಕಾಲದ ಯಂತ್ರಗಳನ್ನು ಇನ್ನೂ ಇಟ್ಟುಕೊಂಡಿರುವ ಪರಿಚಿತರಿಗೆ ಒಂದು ಸಿಡಿ, ಸಿಡಿ ಡ್ರೈವ್ ಇಲ್ಲದವರಿಗೆ ಫ್ಲಾಪಿಗಳು.

ಆಯ್ಕೆಯೆಂದರೆ ಸುಲಭ ಎಂದುಕೊಂಡವರು ಫ್ಲಾಪಿಯಲ್ಲಿ 1.44 ಮೆಗಾಬೈಟ್ ಜಾಗವನ್ನು ಹಂಚಿ ನೋಡಬೇಕು. ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಒಂದು ಕಂಪೈಲರ್ ಇಟ್ಟರೆ ಬೇರೆ ನಾಲ್ಕು ಹೊರಹೋಗುತ್ತವೆ. ಸಿಡಿಯಲ್ಲಿ 700 ಮೆಗಾಬೈಟ್ ಇದೆ, ಅಲ್ಲಿ ಜಗಳ ಜಾಗಕ್ಕಲ್ಲ, ಮರ್ಯಾದೆಗೆ. ಎಡ್ಲಿನ್ ಇರಬೇಕೋ ಬೇಡವೋ? ಸಾಲಿಗೆ ಸಂಖ್ಯೆ ಕೊಟ್ಟು ಒಂದೊಂದೇ ಸಾಲನ್ನು ತಿದ್ದುವ ಆ ಎಡಿಟರ್ ಅನ್ನು ಇಂದು ಯಾರು ಬಳಸುತ್ತಾರೋ ದೇವರೇ ಬಲ್ಲ. ಆದರೆ ಮೂಲ ಡಾಸ್‌ನಲ್ಲಿ ಇತ್ತು, ಆದ್ದರಿಂದ ಫ್ರೀಡಾಸ್‌ನಲ್ಲೂ ಇದೆ, ಆದ್ದರಿಂದ ನಮ್ಮ ಪಟ್ಟಿಯಲ್ಲೂ ಉಳಿಯಿತು. ಅದರ ಜೊತೆಗೆ ಎಡಿಟ್, ವಿಮ್, ಎಲ್ವಿಸ್, ಸೆಟ್‌ಎಡಿಟ್. ಬೆಳಗಾವಿಯವನ ಆಟಗಳ ಬಗ್ಗೆ ಹೇಳಲೇಬಾರದು. ಇಷ್ಟು ಎಡಿಟರ್‌ಗಳಲ್ಲಿ ಒಂದರಲ್ಲೂ ಒಂದು ಕನ್ನಡ ಅಕ್ಷರ ಮೂಡುವುದಿಲ್ಲ ಎನ್ನುವುದು, ಮೂವರು ಕನ್ನಡಿಗರು ಸೇರಿ ತಿಂಗಳುಗಟ್ಟಲೆ ವಾದಿಸಿದ ಮೇಲೂ, ನಮ್ಮಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ.

ಕಾಕಾ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನ ಒಂದು ಅಡತ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಊರಿನಿಂದ ನಿಂಬೆಹಣ್ಣು ಬರುತ್ತಿತ್ತು. ಮಾರಿದ ಮೇಲೆ ತೂಕ, ದರ, ಹಮಾಲಿ, ಬಾಡಿಗೆ ಎಲ್ಲ ಕಳೆದು ರೈತರಿಗೆ ಹಿಶೋಬು ಕಳಿಸಬೇಕು. ಮರಾಠಿಯಲ್ಲಿ ಕಳಿಸಿದರೆ ರೈತ ಅದನ್ನು ಓದಿಸಲು ಇನ್ನೊಬ್ಬನನ್ನು ಹುಡುಕಬೇಕು. "ಓದಿ ಹೇಳುವವನು ಸುಳ್ಳು ಹೇಳಿದರೆ? ಕೆಟ್ಟ ಹೆಸರು ನಮ್ಮ ಅಂಗಡಿಗೆ," ಎಂದರು ಕಾಕಾ. ಅದಕ್ಕಾಗಿ ಅಂಗಡಿಯ ಮಾಲೀಕರು ಕಂಪ್ಯೂಟರಿಗೆ ಒಂದು ಜಿಸ್ಟ್ ಕಾರ್ಡ್, ಅಂದರೆ ಭಾರತೀಯ ಲಿಪಿಗಳನ್ನು ಪರದೆಗೆ ತರುವ ಕಾರ್ಡ್, ಹಾಕಿಸಿದ್ದರಂತೆ. ಅಂಗಡಿ ಹೊಸ ಯಂತ್ರ ತಂದಾಗ ಹಳೆಯದನ್ನು ಕಾಕಾ ಮನೆಗೆ ಒಯ್ದರು. ನಾವು ಪರೀಕ್ಷೆಗೆ ಇಟ್ಟುಕೊಂಡಿರುವುದು ಅದನ್ನೇ.

ಜಿಸ್ಟ್ ಕಾರ್ಡ್ ಎಂದಾಗ ಬೆಳಗಾವಿಯವನ ಮುಖ ನೋಡಬೇಕಿತ್ತು. ಯಂತ್ರವನ್ನು ಬಿಚ್ಚಿ ಒರೆಸುವಾಗ, ಏನೆಂದು ತಿಳಿಯದ ಉದ್ದನೆಯ ಕಾರ್ಡ್ ಒಂದನ್ನು ಕಿತ್ತು ಡ್ರಾಯರಿಗೆ ಹಾಕಿದ್ದವನು ಅವನೇ.

ನನ್ನನ್ನು ಕಾಡಿದ್ದು ಆ ಕಾರ್ಡಿನ ಹುಟ್ಟೂರು. ಐಐಟಿ ಕಾನ್ಪುರದಲ್ಲಿ ಮೋಹನ ತಾಂಬೆಯವರು ಕೆಲಸ ಶುರುಮಾಡಿದ ಈ ತಂತ್ರಜ್ಞಾನ 1988ರಲ್ಲಿ ಪುಣೆಯ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ಗೆ ಬಂದು ಬೆಳೆಯಿತು. ಅಂದರೆ ನಾವು 'ಇದು ಡಾಸ್' ಎಂದು ನಕ್ಕ ಇದೇ ಊರಿನಲ್ಲಿ, ಡಾಸ್‌ನಲ್ಲಿ ಕನ್ನಡ ಹೇಗೆ ಎಂಬ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಸಿಕ್ಕಿತ್ತು.

ಆ ಪ್ರಶ್ನೆ ಸಣ್ಣದಲ್ಲ. ಡಾಸ್‌ನ ಅಕ್ಷರ ಪರದೆ ಎಂದರೆ 80 ಕಂಬ, 25 ಸಾಲು. ಆ ಕಾಲದ ವಿಜಿಎ ಮಾದರಿಯ ಪರದೆಯಲ್ಲಿ ಒಂದೊಂದು ಚೌಕಕ್ಕೆ 9 ಚುಕ್ಕಿ ಅಗಲ, 16 ಚುಕ್ಕಿ ಎತ್ತರ. ಒಂದು ಸಲಕ್ಕೆ 256 ಆಕಾರಗಳು, ಬಹಳವೆಂದರೆ 512. ಇಂಗ್ಲಿಷಿಗೆ ಇದು ಧಾರಾಳ. ಈಗ 'ರಾಷ್ಟ್ರ' ಬರೆಯಿರಿ ನೋಡೋಣ: ಷಕಾರದ ಕೆಳಗೆ ಟಕಾರ, ಅದರ ಜೊತೆಗೆ ರಕಾರ; ಹದಿನಾರು ಚುಕ್ಕಿಗಳಲ್ಲಿ ಅದು ಎಲ್ಲಿ ನಿಲ್ಲಬೇಕು? ಜಿಸ್ಟ್ ಕಾರ್ಡ್ ಈ ತಲೆನೋವನ್ನು ಪ್ರೋಗ್ರಾಮಿನಿಂದ ಕಿತ್ತು ತಾನೇ ಹೊತ್ತುಕೊಂಡಿತು. ಬರಹದ ವರ್ಡ್‌ಸ್ಟಾರ್, ದತ್ತಾಂಶದ ಡಿಬೇಸ್‌ನಂಥ ತಂತ್ರಾಂಶಗಳು ತಾವು ಇಂಗ್ಲಿಷಿನಲ್ಲೇ ಇದ್ದೇವೆಂದುಕೊಂಡು ಕೆಲಸ ಮಾಡುತ್ತಿದ್ದವು. ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು. ಒಳಗಿದ್ದದ್ದು ಭಾರತೀಯ ಲಿಪಿಗಳ ಅಕ್ಷರಗಳಿಗೆ ಅಂಕಿ ಕೊಡುವ ಇಸ್ಕಿ ಸಂಕೇತ, 1991ರಲ್ಲಿ ಭಾರತೀಯ ಮಾನಕವಾದದ್ದು. ಕನ್ನಡದ ಕ, ದೇವನಾಗರಿಯ ಕ, ಎರಡಕ್ಕೂ ಒಂದೇ ಅಂಕಿ. ಹೀಗಾಗಿ ಕಾಕಾ ರೈತನ ಹೆಸರನ್ನು ಕನ್ನಡದಲ್ಲಿ ಹೊಡೆದು, ಮಾಲೀಕರು ಬಂದು ನಿಂತಾಗ ಲಿಪಿ ಬದಲಿಸಿದರೆ ಅದೇ ಹೆಸರು ಮರಾಠಿ ಅಕ್ಷರಗಳಲ್ಲಿ ಎದ್ದು ಕಾಣುತ್ತಿತ್ತಂತೆ. ಇದನ್ನು ಹೇಳುವಾಗ ಅವರ ಬೆರಳು ನಮ್ಮ ಕೀಲಿಮಣೆಯ ಡಿ ಅಕ್ಷರದ ಮೇಲೆ ತಾನಾಗಿ ಹೋಗಿ ಕುಳಿತಿತ್ತು. ಭಾರತೀಯ ಭಾಷೆಗಳಿಗೆ ಮಾಡಿದ ಇನ್‌ಸ್ಕ್ರಿಪ್ಟ್ ಕೀಲಿ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಬೇಕಾದ ಹಲಂತ ಇರುವುದು ಅಲ್ಲಿಯೇ.

ಹಾಗಾದರೆ ಕಾರ್ಡನ್ನು ಮತ್ತೆ ಸಿಕ್ಕಿಸಿದರಾಯಿತಲ್ಲ? ಸಿಕ್ಕಿಸಿದೆವು. ಆದರೆ ಅದರ ಜೊತೆ ಬಂದಿದ್ದ ಫ್ಲಾಪಿಗಳಿಗೆ ಬೂಸ್ಟು ಹಿಡಿದಿತ್ತು, ಡ್ರೈವ್ ಒಂದನ್ನೂ ಓದಲಿಲ್ಲ. "ಎಲ್ಲಾದರೂ ಪ್ರತಿ ಸಿಕ್ಕೇ ಸಿಗುತ್ತದೆ, ಸಿಡಿಗೆ ಹಾಕಿಬಿಡೋಣ, ಈಗ ಯಾರು ಕೇಳುತ್ತಾರೆ?" ಎಂದ ಬೆಳಗಾವಿಯವನು.

ಇಲ್ಲಿ ಎದ್ದು ನಿಂತವಳು ನಮ್ಮ ಮೂವರಲ್ಲಿ ಇನ್ನೊಬ್ಬಳು, ಶಿರಸಿಯವಳು. ಪರವಾನಗಿ ಪತ್ರವನ್ನು ಕೊನೆಯ ಸಾಲಿನವರೆಗೂ ಓದುವ ಅಪರೂಪದ ಪ್ರಾಣಿ, ಆ ಕಾರಣಕ್ಕೇ ಅವಳ ಜೊತೆ ಕೆಲಸ ಮಾಡುವುದು ಕೆಲವೊಮ್ಮೆ ಬೇಸರ. ನಮ್ಮ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯೇ, ಬರೆದವನು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ ಎಂದಳು. ಮಾರಾಟ ನಿಂತಿತು ಎಂದ ಮಾತ್ರಕ್ಕೆ ಅದು ಊರಿನ ಸ್ವತ್ತಾಗುವುದಿಲ್ಲ. ಫ್ರೀಡಾಸ್ ಇಷ್ಟು ವರ್ಷ ನಿರಾತಂಕವಾಗಿ ನಡೆದದ್ದು ಯಾರು ಬೇಕಾದರೂ ಬಳಸಿ ಹಂಚಬಹುದಾದ ಮುಕ್ತ ಪರವಾನಗಿಯ ತಂತ್ರಾಂಶಗಳನ್ನೇ ಹಂಚುತ್ತ ಬಂದದ್ದರಿಂದ. ಅವಳ ಮಾತು ಸರಿ. ಸರಿಯಾದದ್ದನ್ನು ಆ ಧ್ವನಿಯಲ್ಲಿ ಹೇಳಬೇಕಿರಲಿಲ್ಲ.

ಆದರೆ ಪರಿಣಾಮ ನೋಡಿ. ಯಾರಿಗೂ ಬೇಡದ ಎಡ್ಲಿನ್‌ಗೆ ಸಿಡಿಯಲ್ಲಿ ಜಾಗವಿದೆ, ಏಕೆಂದರೆ ಯಾರೋ ಅದನ್ನು ಹೊಸದಾಗಿ ಬರೆದು, ಮೂಲ ಸಂಕೇತವನ್ನು ಲೋಕಕ್ಕೆ ಬಿಟ್ಟುಕೊಟ್ಟರು. ಕಾಕಾನ ದಿನದ ದುಡಿಮೆಯನ್ನು ಹೊತ್ತಿದ್ದ ತಂತ್ರಾಂಶಕ್ಕೆ ಜಾಗವಿಲ್ಲ. ಹಳೆಯ ಯಂತ್ರಗಳನ್ನು ಉಳಿಸುತ್ತೇವೆ ಎಂದು ಎದೆಯುಬ್ಬಿಸುವ ನಾವು ಉಳಿಸುತ್ತಿರುವುದು ಆ ಯಂತ್ರಗಳ ಇಂಗ್ಲಿಷ್ ಬದುಕನ್ನು ಮಾತ್ರ. ಅಮೆರಿಕದ ಹುಡುಗನೊಬ್ಬ 1990ರ ದಶಕದಲ್ಲಿ ಆಡಿದ ಆಟ ನಮ್ಮ ಸಿಡಿಯಲ್ಲಿ ಚೆನ್ನಾಗಿ ಓಡುತ್ತದೆ. ಅದೇ ದಶಕದಲ್ಲಿ ಮಾರ್ಕೆಟ್ ಯಾರ್ಡಿನಿಂದ ಇಂಡಿಗೆ ಹೋದ ನಿಂಬೆಯ ಹಿಶೋಬನ್ನು ತೆರೆದರೆ ಪರದೆ ತುಂಬ ಗೆರೆ, ಚೌಕ, ಗ್ರೀಕ್ ಅಕ್ಷರ. ಬುಧವಾರ ರಾತ್ರಿ ಇದನ್ನೇ ಯೋಚಿಸುತ್ತ ಪಟ್ಟಿಯನ್ನು ಮತ್ತೆ ಓದಿದೆ. ಯಾರಿಗಾಗಿ ಎಂಬ ಪ್ರಶ್ನೆಗೆ ಅದು ಕೊಡುತ್ತಿದ್ದ ಉತ್ತರ ಒಂದೇ: ನಮ್ಮಂಥವರಿಗಾಗಿ. ಕಾಕಾ ನಮ್ಮ ಯಂತ್ರದ ಮಾಲೀಕರೇ ಹೊರತು ಬಳಕೆದಾರರಾಗಿರಲಿಲ್ಲ.

ಶಿರಸಿಯವಳು ಬೇಡ ಎಂದು ಹೇಳಿ ಸುಮ್ಮನಾಗುವವಳಲ್ಲ. ಗ್ರಾಫಿಕ್ಸ್ ಪರದೆಯಲ್ಲಿ, 640ಕ್ಕೆ 480 ಚುಕ್ಕಿಗಳಲ್ಲಿ, ಕನ್ನಡವನ್ನು ತಾನೇ ಬಿಡಿಸುವ ಪುಟ್ಟ ಎಡಿಟರ್ ಒಂದನ್ನು ಶುರುಮಾಡಿದ್ದಾಳೆ. ಒಳಗೆ ಇಸ್ಕಿ, ಕೀಲಿಗಳು ಇನ್‌ಸ್ಕ್ರಿಪ್ಟ್, ಪರವಾನಗಿ ಮುಕ್ತ. ಶುಕ್ರವಾರ ಕಾಕಾನನ್ನು ಕರೆದು ತೋರಿಸಿದೆವು. ತಲೆಕಟ್ಟು ಬರುತ್ತದೆ, ಗುಣಿತಾಕ್ಷರ ಬರುತ್ತದೆ, ಒತ್ತು ಒಂದಾದರೆ ಸರಿ. ಎರಡಾದರೆ ಕೆಳಗಿನ ಸಾಲಿಗೆ ತಾಗುತ್ತದೆ. ಕಾಕಾ ತಮ್ಮ ಊರಿನ ಹೆಸರು ಹೊಡೆದರು, ಸೊಸೆಯ ಹೆಸರು ಹೊಡೆದರು, ತಲೆಯಾಡಿಸಿದರು.

"ಚೆನ್ನಾಗಿದೆ, ತಂಗಿ. ಪ್ರಿಂಟ್ ಯಾವಾಗ ಬರುತ್ತದೆ?"

"ಪ್ರಿಂಟ್ ಏಕೆ, ಕಾಕಾ?" ಬೆಳಗಾವಿಯವನು ಮತ್ತೆ.

"ಪರದೆಯನ್ನು ಇಂಡಿಗೆ ಹೇಗೆ ಕಳಿಸಲಿ?"

ಈಗ ಅಟ್ಟದಿಂದ ಅವರ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕೆಳಗಿಳಿದಿದೆ. ಅದಕ್ಕೆ ಕನ್ನಡ ಅಕ್ಷರಗಳನ್ನು ಚಿತ್ರವಾಗಿ, ಸೂಜಿ ಸೂಜಿಯಾಗಿ ಕಳಿಸಬೇಕು. ಆ ಕೆಲಸವನ್ನು ಬೆಳಗಾವಿಯವನ ತಲೆಗೆ ಕಟ್ಟಿದ್ದೇವೆ, ಅದು ಮುಗಿಯುವವರೆಗೆ ಅವನ ಆಟಗಳು ಪಟ್ಟಿಯಿಂದ ಹೊರಗೆ. ಅವನು ಇದನ್ನು ಅನ್ಯಾಯ ಎನ್ನುತ್ತಾನೆ. ರಿಬ್ಬನ್ ಹುಡುಕಿಕೊಂಡು ನಿನ್ನೆ ತಪಕೀರ್ ಗಲ್ಲಿಗೆ ಹೋಗಿ ಬಂದವನೂ ಅವನೇ.