ರೋಮಿಗೆ ಹೊರಟವರ ಚೀಲದಲ್ಲಿ ಬಾದಾಮಿ ಮಾವು ಬೇಡ

ಕೋಲಾರ, ಭಾನುವಾರ, 8 ಜೂನ್ 2025

ಶ್ರೀನಿವಾಸಪುರದ ಮಂಡಿಗಳಿಗೆ ಮಾವು ಬಂದು ಬೀಳುತ್ತಿರುವ ಹೊತ್ತು. ತೋಟಗಾರಿಕೆ ಓದುವ ಹುಡುಗ ಹುಡುಗಿಯರ ತಂಡವೊಂದು ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದರೆ ಎಫ್‌ಎಒ, ನೋಡಲು ರೋಮಿಗೆ ಹೊರಡಲಿದೆ. ತಯಾರಿ ಸಭೆಯಲ್ಲಿ ಹೇಳಿದ್ದನ್ನು ಮುಂದೆ ಹೋಗುವವರಿಗೂ ಬೇಕಾದೀತೆಂದು ಬರೆದಿಡುತ್ತಿದ್ದೇವೆ.

ಮೊದಲು ಕಾಗದಪತ್ರ. ಇಟಲಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಹಾಕಬಹುದು. 15 ದಿನವಾದರೂ ಮುಂಚೆ ಹಾಕಿರಲೇಬೇಕು. ವಾಪಸು ಹೊರಡುವ ದಿನದಿಂದ ಇನ್ನೂ ಮೂರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋ. ನಮ್ಮ ಕಡೆ ತೊಡಕಾಗುವುದು ಇನಿಷಿಯಲ್‌ನಿಂದ. ಅಂಕಪಟ್ಟಿಯಲ್ಲಿ ಒಂದೇ ಅಕ್ಷರ, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಟಿಕೆಟ್, ವಿಮೆ, ಕಾಲೇಜಿನ ಪತ್ರ, ಎಫ್‌ಎಒಗೆ ಕಳಿಸುವ ಪಟ್ಟಿ ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆಸಿ.

ಕಚೇರಿ ಹುಡುಕುವುದು ಕಷ್ಟವಲ್ಲ. ಮೆಟ್ರೊ ಬಿ ಲೈನಿನ ಚಿರ್ಕೊ ಮಾಸ್ಸಿಮೊ ನಿಲ್ದಾಣದಿಂದ ಹೊರಬಂದರೆ ಕಟ್ಟಡ ಪಕ್ಕದಲ್ಲೇ. ಮುಂಚಿತವಾಗಿ ಬರೆದು ಒಪ್ಪಿಗೆ ಪಡೆದಿರಬೇಕು. 1945ರಲ್ಲಿ ಹುಟ್ಟಿದ ಸಂಸ್ಥೆ 1951ರಲ್ಲಿ ವಾಷಿಂಗ್ಟನ್‌ನಿಂದ ಇಲ್ಲಿಗೆ ಬಂತು. 1956ರಿಂದ 1967ರವರೆಗೆ ಅದರ ಮಹಾನಿರ್ದೇಶಕರಾಗಿದ್ದವರು ನಮ್ಮ ದೇಶದ ಬಿ.ಆರ್. ಸೇನ್. ಇಷ್ಟು ತಿಳಿದಿದ್ದರೆ ಸಾಕು.

ಚೀಲದ ವಿಷಯಕ್ಕೆ ಬರೋಣ. ತುಪ್ಪ, ಪನೀರ್, ಮಾಂಸದ ಪದಾರ್ಥ ಯುರೋಪಿನೊಳಗೆ ಬಿಡುವುದಿಲ್ಲ. ಉಡುಗೊರೆಗೆಂದು ಬಿತ್ತನೆ ರಾಗಿ ಒಯ್ಯುವ ಆಸೆಯೂ ಬೇಡ, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುತ್ತದೆ. ಹಣ್ಣುಗಳಲ್ಲಿ ಬಾಳೆ, ತೆಂಗು, ಖರ್ಜೂರ, ಅನಾನಸ್, ಡ್ಯೂರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಒಂದೇ ಒಂದು ಬಾದಾಮಿ ಮಾವಾದರೂ ಪ್ರಮಾಣಪತ್ರವಿಲ್ಲದೆ ಒಯ್ಯುವಂತಿಲ್ಲ.

ಯಾಕೆ? ಈ ಪ್ರಶ್ನೆ ಹಿಡಿದುಕೊಂಡೇ ಆ ಕಟ್ಟಡದೊಳಗೆ ಹೋಗಬೇಕೆಂಬುದು ನಮ್ಮ ಒತ್ತಾಯ. ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದದ ಕಾರ್ಯಾಲಯ ಅಲ್ಲೇ ಇದೆ. ಒಂದು ದೇಶದ ಕೀಟ ಇನ್ನೊಂದು ದೇಶಕ್ಕೆ ದಾಟದಂತೆ ಮಾನದಂಡ ರೂಪಿಸುವುದು ಅದರ ಕೆಲಸ. ಹಣ್ಣುನೊಣ ಸಿಕ್ಕಿತೆಂದು ಯುರೋಪು 2014ರ ಮೇಯಲ್ಲಿ ಭಾರತದ ಮಾವನ್ನೇ ನಿಲ್ಲಿಸಿತ್ತು. 2015ರಲ್ಲಿ ಮತ್ತೆ ಬಾಗಿಲು ತೆರೆಯಿತು. ಈಗ ಅಲ್ಲಿಗೆ ಹೋಗುವ ಹಣ್ಣನ್ನು, ಒಳಗಿನ ನೊಣದ ಹುಳು ಸಾಯಲೆಂದು, 48 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 60 ನಿಮಿಷ ಮುಳುಗಿಸುವುದು ಒಂದು ದಾರಿ.

ಕೇಳಲು ಸುಲಭ, ಕೆಡುವುದೂ ಸುಲಭ. ದಪ್ಪ ಹಣ್ಣು, ಸಣ್ಣ ಹಣ್ಣು ಒಂದೇ ಕ್ರೇಟಿನಲ್ಲಿದ್ದರೆ ದಪ್ಪದರ ಒಳಗಿನ ಹುಳುವಿಗೆ ಶಾಖ ತಟ್ಟದೆ ಉಳಿಯಬಹುದು, ಸಣ್ಣದು ಬೆಂದಂತಾಗುತ್ತದೆ. ಎಳೆಕಾಯಿ ಹಾಕಿದರೆ ತಿರುಳು ಸರಿಯಾಗಿ ಹಣ್ಣಾಗುವುದಿಲ್ಲ. ತೊಟ್ಟಿನ ಸೊನೆ ಸಿಪ್ಪೆಗೆ ತಾಗಿದ್ದರೆ ಕಪ್ಪು ಕಲೆ ಎದ್ದು ಕಾಣುತ್ತದೆ. ಹಾಗಾಗಿ ಬಲಿತ ಕಾಯನ್ನು ತೊಟ್ಟಿನ ಸಮೇತ ಕೊಯ್ದು, ಸೊನೆ ಇಳಿಸಿ, ತೂಕದ ಪ್ರಕಾರ ಬೇರ್ಪಡಿಸಿಯೇ ನೀರಿಗಿಳಿಸಬೇಕು. ಅದಕ್ಕೂ ಮುಂಚಿನ ಕೆಲಸ ತೋಟದಲ್ಲಿ. ನೊಣವನ್ನು ವಾಸನೆಯಿಂದ ಸೆಳೆಯುವ ಮೀಥೈಲ್ ಯುಜೆನಾಲ್ ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಉದುರಿದ ಹಣ್ಣನ್ನು ಮರದಡಿ ಬಿಟ್ಟರೆ ಅದರೊಳಗಿನ ಹುಳು ಮಣ್ಣಿಗಿಳಿದು ಮತ್ತೆ ನೊಣವಾಗುತ್ತದೆ. ಬಲೆ ಕಟ್ಟಿಯೂ ಉದುರಿದ ಹಣ್ಣು ಆರಿಸದ ತೋಟಗಳನ್ನು ಕಂಡಾಗ ಸಂಕಟವಾಗುತ್ತದೆ.

ತಿರುಳಾಗಿ ಹೋಗುವ ತೋತಾಪುರಿಗೆ ನೊಣದ ಚಿಂತೆಯಿಲ್ಲ, ಸಿಂಪಡಿಸಿದ ಔಷಧದ ಉಳಿಕೆಯ ಚಿಂತೆಯಿದೆ. ಅದರ ಮಿತಿಗಳನ್ನು ಅಂಗೀಕರಿಸುವ, ಆಹಾರಕ್ಕೆ ಅಂತರರಾಷ್ಟ್ರೀಯ ಮಾನದಂಡ ರೂಪಿಸುವ ಕೋಡೆಕ್ಸ್ ಆಯೋಗದ ಕಾರ್ಯಾಲಯವೂ ಅದೇ ಕಟ್ಟಡದಲ್ಲಿ. ಆಯೋಗ ಕೆಲಸ ಶುರುಮಾಡಿದ್ದು 1963ರಲ್ಲಿ. ಆದರೂ ಯುರೋಪು ತನ್ನದೇ ಮಿತಿ ಇಟ್ಟುಕೊಂಡಿದೆ, ಪ್ರತ್ಯೇಕ ಮಿತಿ ಗೊತ್ತುಮಾಡದ ಔಷಧಕ್ಕೆ ಸಾಮಾನ್ಯವಾಗಿ ಕೆಜಿಗೆ 0.01 ಮಿಲಿಗ್ರಾಂ. ಎರಡರ ನಡುವಿನ ಈ ಅಂತರ ಸಣ್ಣ ಹಿಡುವಳಿಯ ರೈತನಿಗೆ ಏನು ಮಾಡುತ್ತದೆಂದು ಅಲ್ಲಿ ಕೇಳಲೇಬೇಕು. ಕೇಳುವ ಮೊದಲು ಪ್ರತಿಯೊಬ್ಬರೂ ಶ್ರೀನಿವಾಸಪುರ ಕಡೆಯ ಒಂದು ತೋಟಕ್ಕೆ ಹೋಗಿ ಈ ಸಲ ಯಾವ ಔಷಧ, ಲೀಟರಿಗೆ ಎಷ್ಟು, ಕೊನೆಯ ಸಿಂಪಡಣೆಗೂ ಕೊಯ್ಲಿಗೂ ಎಷ್ಟು ದಿನ ಎಂಬುದನ್ನು ಬರೆದು ತರಲಿ. ಕೊಯ್ಲು ಮುಗಿಯುವುದರೊಳಗೆ ಆಗಬೇಕು.