ಅಮ್ಮನ ತೆಂಗಿನಕಾಯಿ

ಬೆಳಿಗ್ಗೆ ನಮ್ಮ ಏರಿಯಾ ದೇವಸ್ಥಾನದ ಬಾಗಿಲಲ್ಲೇ ಅಮ್ಮನ ಬ್ಯಾಗ್ ಚೆಕ್ ಮಾಡಿದರು. ಇದ್ದದ್ದು ಎರಡು ಬಾಳೆಹಣ್ಣು, ಬಿಪಿ ಮಾತ್ರೆ, ಒಂದು ತೆಂಗಿನಕಾಯಿ. ಸೆಕ್ಯೂರಿಟಿ ಹುಡುಗ ಆ ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದ, ಆಮೇಲೆ ಅವನಿಗೇ ನಗು ಬಂತು. ಅಮ್ಮನಿಗೆ ಮಾತ್ರ ಸಖತ್ ಬೇಜಾರು. ಮೂವತ್ತು ವರ್ಷದಿಂದ ಬರ್ತಿದ್ದೀನಿ, ನನ್ನನ್ನೇ ಕೇಳ್ತಾನಲ್ಲ ಅಂತ.

ಅವನದೇನು ತಪ್ಪು ಬಿಡಿ. ಹುಂಡಿ ಒಡೆಯುವವರು, ಸರ ಎಗರಿಸುವವರು ಇದ್ದೇ ಇದ್ದಾರೆ. ಜನ ಜಾಸ್ತಿ ಸೇರುವ ಕಡೆ ಕ್ಯಾಮೆರಾ ಇರಲೇಬೇಕು ಅಂತ ನಮ್ಮ ರಾಜ್ಯದಲ್ಲಿ 2017ರಲ್ಲೇ ಕಾನೂನು ಬಂತು, ಪ್ರಾರ್ಥನಾ ಸ್ಥಳಗಳೂ ಅದರಲ್ಲಿ ಸೇರಿವೆ. ಕ್ಯಾಮೆರಾ ಇದ್ದರೆ ಇರಲಿ, ಅದು ಯಾರನ್ನೂ ಬಾಗಿಲಲ್ಲಿ ನಿಲ್ಲಿಸಲ್ಲ. ಯಾರು ನೀವು, ಯಾಕೆ ಬಂದ್ರಿ ಅಂತ ಕೇಳೋದು ಬೇರೆ ವಿಷಯ, ಅಲ್ವಾ?

ವಾಪಸ್ ಬರುವಾಗ ಆಟೋದಲ್ಲಿ ಬೆಂಗಳೂರು ಕರಗದ ಮಾತು ಬಂತು. ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಹೊರಟ ಕರಗ ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗಿ ಬರುತ್ತೆ, ಸುತ್ತ ಪೊಲೀಸರು, ಬ್ಯಾರಿಕೇಡು, ಕಾಲಿಡೋಕೂ ಜಾಗ ಇಲ್ಲದಷ್ಟು ಜನ, ಜೊತೆಗೆ ಕರಗದ ಕಾವಲಿಗೆ ಬರಿಗತ್ತಿ ಹಿಡಿದ ವೀರಕುಮಾರರು.

ಅಮ್ಮ ಸುಮ್ನೆ ಇರ್ತಾರಾ. "ಅಲ್ಲಿ ಕತ್ತಿ ಬಿಡ್ತಾರೆ, ಇಲ್ಲಿ ನನ್ನ ಕಾಯಿ ಹಿಡ್ಕೊಳ್ತಾರೆ!"